ಚಲುವರಾಜುವಿನ ಕಾರಿಗೆ ಎ.ಸಿ.

ಮಳವಳ್ಳಿಯ ನಯನ ಒಪ್ಪಿದೆ ಎನ್ನಲಿಲ್ಲ, ಒಲ್ಲೆ ಎಂದೂ ಹೇಳಲಿಲ್ಲ. ಹೆಣ್ಣು ನೋಡಲು ಬಂದ ಚಲುವರಾಜುವನ್ನು ಬಿಟ್ಟು ಅವನ ಕಾರನ್ನು ಸುತ್ತಿ ಸುತ್ತಿ ನೋಡಿದಳು. "ಇದಕ್ಕೆ ಎ.ಸಿ. ಇದ್ದಿದ್ರೆ ಎಷ್ಟು ಚೆನ್ನಾಗಿರೋದು! ಹಾಕ್ಸಿ, ಆಮೇಲೆ ಮಾತಾಡಣ" ಅಂದಳು.

ಕಾರು ಚಲುವರಾಜುವಿಗಿಂತ ಹಿರಿಯದು. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಬರೀ ಆಕಾಶ. ಮಳೆ ಬಂದರೆ ಎಳೆದುಕೊಳ್ಳಲು ಕ್ಯಾನ್ವಾಸಿನ ಟಾಪೊಂದಿತ್ತು. ಅದನ್ನು ಇಲಿಗಳು ಜರಡಿ ಮಾಡಿದ್ದವು. ಅದುವರೆಗೆ ನೋಡಿದ ಹೆಣ್ಣುಗಳೆಲ್ಲ ಕಾಫಿ ಲೋಟ ಇಟ್ಟು ಒಳಗೆ ಹೋದವರು ಮತ್ತೆ ಹೊರಗೆ ಬಂದಿರಲಿಲ್ಲ. ಹಾಗಾಗಿ ಚಲುವರಾಜುವಿಗೆ "ಆಮೇಲೆ ಮಾತಾಡಣ" ಎಂಬುದೇ ಅರ್ಧ ತಾಳಿ ಕಟ್ಟಿದಂತೆ ಕೇಳಿಸಿತು.

ಸೋಮನಹಳ್ಳಿಯ ಮೆಕ್ಯಾನಿಕ್ ಅಂಕಯ್ಯ ಯಾವುದೋ ಗುಜರಿ ಕಾರಿನ ಎ.ಸಿ. ಬಿಚ್ಚಿ ಇದಕ್ಕೆ ಕೂರಿಸಿದ. ಶುಕ್ರವಾರ ಬೆಳಿಗ್ಗೆ ಮದ್ದೂರಿನ ಮನೆಯ ಮುಂದೆ ಚಲುವರಾಜು ಗುಂಡಿ ಒತ್ತಿದ. ಗಾಳಿಯೇನೋ ತಣ್ಣಗೇ ಬಂತು. ಬಂದದ್ದು ನೆಟ್ಟಗೆ ಆಕಾಶಕ್ಕೆ ಹೋಯಿತು.

"ಏನ್ಲಾ ಚಲ್ವ, ಇಡೀ ಬೀದಿಗೇ ಎ.ಸಿ. ಆಕ್ಸಿದ್ದೀಯ?" ಪಕ್ಕದ ಮನೆಯ ಕೆಂಪಸಿದ್ದಯ್ಯ ಬನಿಯನ್ ಎತ್ತಿಕೊಂಡು ಕಾರಿಗೆ ಹೊಟ್ಟೆ ಒಡ್ಡಿ ನಿಂತ. "ಇನ್ನೊಸಿ ಜೋರ್ ಮಾಡು, ಬೆವ್ರಾರ್ಲಿ."

"ಅಣ್ಣ, ಆಟ ಬುಡು. ಇವತ್ತು ನಯನ ನೋಡ್ತಾಳೆ. ಕಾರು ತಣ್ಣಗಿಲ್ದಿದ್ರೆ ಈ ಸಂಬಂಧಾನೂ ಓಯ್ತು."

"ಟಾಪು ಎಳಿ."

"ಟಾಪ್ ತುಂಬ ತೂತು."

"ತೂತಿದ್ರೆ ಮುಚ್ಚುದ್ರಾಯ್ತು ಕಣ್ಲಾ! ನಾನ್ಯಾಕಿವ್ನಿ?"

ಕೆಂಪಸಿದ್ದಯ್ಯ ರಾಗಿ ಒಣಗಿಸುವ ಟಾರ್ಪಾಲು ತಂದು ಕಾರಿಗೆ ಹೊದಿಸಿದ. ಮುಂದಿನ ಗಾಜೊಂದನ್ನು ಬಿಟ್ಟು, ಸಂದಿಗೊಂದಿಗೆಲ್ಲ ಟೇಪು ಮೆತ್ತಿದ. ಕಬ್ಬಿನ ಲೋಡು ಕಟ್ಟುವ ಹಗ್ಗದಿಂದ, ಚಲುವರಾಜು ಒಳಗಿರುವಾಗಲೇ, ಬಾಗಿಲು ಸೇರಿಸಿ ಬಿಗಿದ.

"ಅಣ್ಣ, ನಾನು ಇಳಿಯೋದೆಂಗೆ?"

"ನಿನ್ ಉಡ್ಗಿ ಬಿಚ್ಕತಳೆ, ಓಗ್ಲಾ!"

ಮಳವಳ್ಳಿ ರಸ್ತೆಗೆ ಬಿದ್ದದ್ದೇ ತಡ, ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಒಕ್ಕರಿಸಿತು. ತುಂಬು ಬಸುರಿಯಂತೆ ಓಲಾಡುತ್ತ ಹೋಗುತ್ತಿದ್ದ ಅದು ದಾರಿ ಬಿಡಲಿಲ್ಲ. ಅದರ ಹಿಂದೆ ತೆವಳಿ ತೆವಳಿ ಕಾರಿನ ಇಂಜಿನ್ ಕಾಯ್ದು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಚಲುವರಾಜು ಗಾಬರಿಯಿಂದ ಅಂಕಯ್ಯನಿಗೆ ಫೋನು ಮಾಡಿದ.

"ಮೊದ್ಲು ಎ.ಸಿ. ಆಫ್ ಮಾಡು" ಎಂದ ಅಂಕಯ್ಯ.

"ಪ್ರಾಣ ಓದ್ರೂ ಮಾಡಕಿಲ್ಲ."

"ಅಂಗಾರೆ ಈಟ್ರು ಆಕು. ಇಂಜಿನ್ ಬಿಸಿ ಎಲ್ಲ ನಿನ್ ಕಾಲ್ಗೆ ಬತ್ತದೆ. ತಡ್ಕ."

ಚಲುವರಾಜು ತಡೆದುಕೊಂಡ. ಅವನ ತಲೆ ಊಟಿಯಲ್ಲಿತ್ತು, ಕಾಲು ಆಲೆಮನೆಯ ಕೊಪ್ಪರಿಗೆಯಲ್ಲಿತ್ತು. ಮೂಗು ಸೋರುತ್ತಿತ್ತು, ಪಾದ ಬೇಯುತ್ತಿತ್ತು.

ಭಾರತೀನಗರದಲ್ಲಿ ಟ್ರ್ಯಾಕ್ಟರು ನಿಂತಾಗ ಕಾರೂ ನಿಲ್ಲಬೇಕಾಯಿತು. ಹೊದಿಸಿ, ಹಗ್ಗ ಬಿಗಿದು ಮೆಲ್ಲಗೆ ಬಂದ ವಾಹನ ಕಂಡು ಟೀ ಅಂಗಡಿಯಲ್ಲಿದ್ದವರು ಎದ್ದು ನಿಂತರು. ಹಿರಿಯರೊಬ್ಬರು ತಲೆಯ ಟವೆಲ್ ತೆಗೆದರು.

"ಯಾರಪ್ಪಾ ಓಗ್ಬುಟ್ಟೋರು?"

"ಯಾರೂ ಓಗಿಲ್ಲ! ನಾನು ಎಣ್ಣಿನ್ ಮನೆಗೆ ಓಯ್ತಾವ್ನಿ!" ಎಂದು ಚಲುವರಾಜು ಒಳಗಿಂದ ಕಿರುಚಿದ. ಟಾರ್ಪಾಲಿನ ಆಚೆಗೆ ಬರೀ ನರಳಾಟ ಕೇಳಿಸಿತು.

"ಪಾಪ, ಒಳಗೆ ಯಾರೋ ಅಳ್ತಾವ್ರೆ ಕಣಮ್ಮ" ಎಂದರು ಹಿರಿಯರು, ಪಕ್ಕದಲ್ಲಿ ಹೂ ಮಾರುತ್ತಿದ್ದವಳಿಗೆ. ಅವಳು ಕಣ್ಣೊರೆಸಿಕೊಂಡು ಒಂದು ಹಾರ ತಂದು ಕಾರಿನ ಮೂತಿಗೆ ಹಾಕಿದಳು.

ಹೀಗೆ ಹಾರ ಸಮೇತ ಚಲುವರಾಜು ಮಳವಳ್ಳಿ ತಲುಪಿದ. ನಯನ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲಿನಿಂದಲೇ ಹಗ್ಗ ಕತ್ತರಿಸಿ ಬಾಗಿಲು ತೆರೆದಳು. ಒಳಗೆ ಕೈಯಾಡಿಸಿದಳು. ಅವಳ ಮುಖ ಅರಳಿತು.

"ಅಬ್ಬಾ, ಎಷ್ಟು ತಣ್ಣಗದೆ! ನೀವು ನಿಜವಾಗ್ಲೂ ಹಾಕ್ಸಿಬುಟ್ರಾ?"

"ನಿಮಗೋಸ್ಕರ" ಎಂದ ಚಲುವರಾಜು. ಕಾಲಿನ ಬೊಬ್ಬೆ ಆ ಕ್ಷಣಕ್ಕೆ ಮರೆತೇ ಹೋಯಿತು.

"ಅಪ್ಪಾ, ತನ್ನಿ!" ಎಂದು ನಯನ ಕೂಗಿದಳು.

ತಾಂಬೂಲದ ತಟ್ಟೆ ಬರಬಹುದೆಂದು ಚಲುವರಾಜು ತಲೆಗೂದಲು ಸವರಿಕೊಂಡ. ಅವಳಪ್ಪ ಜಯಪ್ರಕಾಶ್ ತಂದದ್ದು ಪೇಪರು ಹೊದಿಸಿದ ಅಗಲವಾದ ತಟ್ಟೆಗಳನ್ನು. ಒಂದೊಂದರಲ್ಲೂ ಸಾವಿರಾರು ರೇಷ್ಮೆಹುಳುವಿನ ಮರಿಗಳು ಮಿಜಿಗುಡುತ್ತಿದ್ದವು.

"ನಾವು ಮರಿ ಬೆಳೆಸಿ ರೈತರಿಗೆ ಕೊಡ್ತೀವಲ್ಲ, ಬಿಸಿಲಲ್ಲಿ ಸಾಗಿಸೋಷ್ಟರಲ್ಲಿ ಅರ್ಧ ಸತ್ತೋಗ್ತವೆ" ಎನ್ನುತ್ತ ನಯನ ತಟ್ಟೆಗಳನ್ನು ಪಕ್ಕದ ಸೀಟಿನಲ್ಲಿ ಪೇರಿಸಿ ಬೆಲ್ಟು ಹಾಕಿದಳು. "ನಿಡಘಟ್ಟಕ್ಕೆ ತಲುಪಿಸ್ಬುಡಿ. ನಾಳೆ ಇನ್ನೂ ಎರಡೂರಿಗದೆ."

"ಮತ್ತೆ... ನೀವು?"

"ನಾನು ಬಸ್ಸಲ್ಲಿ ಬತ್ತೀನಿ. ಇದ್ರಲ್ಲಿ ಜಾಗ ಎಲ್ಲದೆ?"

"ಮದುವೆ ಮಾತು?"

"ಈ ಮರಿ ಬೆಳ್ದು ಗೂಡು ಕಟ್ಲಿ, ನೋಡಣ."

ಬಾಗಿಲು ಹಾಕುವ ಮೊದಲು ನಯನ ಒಳಗೆ ಬಗ್ಗಿದಳು. ಕಣ್ಣಲ್ಲಿ ಪ್ರೀತಿ ಉಕ್ಕುತ್ತಿತ್ತು. "ಹುಷಾರಾಗಿ ಹೋಗ್ಬಾ, ನನ್ ಚಿನ್ನ" ಎಂದು ಪಿಸುಗುಟ್ಟಿದಳು.

ಚಲುವರಾಜು ನಾಚಿ "ಹೂಂ" ಎನ್ನುವಷ್ಟರಲ್ಲಿ ನಯನ ತಟ್ಟೆಯ ಪೇಪರನ್ನು ಮೃದುವಾಗಿ ತಟ್ಟಿ, ಅವನ ಕಡೆ ತಿರುಗಿ ಹೇಳಿದಳು:

"ನೀವು ಸೀನಬೇಡಿ, ಹುಳ ಬೆಚ್ಚಿಬೀಳ್ತವೆ."