ಎಮ್ಮೆಗೆ ಸೀರೆ ಉಡಿಸಿದ ಸಣ್ಣಮಾವ

ಮಕ್ಕಳೇ, ಹಾವಿಗೆ ಹೆದರದೆ ನೊಣಕ್ಕೆ ಹೆದರುವ ಗಂಡಸನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ! ಅವರು ನಿಮ್ಮ ಮುತ್ತಜ್ಜನ ತಮ್ಮ, ನನಗೆ ಸಣ್ಣಮಾವ. ಎಪ್ಪತ್ತರ ದಶಕದ ಕೊನೆಯಲ್ಲಿ ಕೆರೂರಿನ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ, ಅವರು ಸತ್ತ ನೊಣಗಳನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಹೆಣ್ಣು ನೋಡಲು ಬಂದ ಬೀಗರಿಗೂ!

"ಇವು ಗುಡ್ಡದಾಗ ನರಿ, ಹಂದಿ ರಕ್ತ ಕುಡೀತಾವ. ಮುಸುರಿ ಬಾಯಿ ತೊಳೀದ ಬಂದು ನಮ್ಮ ದನಕ್ಕ ಕಡೀತಾವ. ಜಡ್ಡು ಬರದ ಏನ್ ಬರ್ತೈತಿ?"

"ಹಂಗಾರ ಬಾಗಲದಾಗ ಒಂದು ತಂಬಗಿ ನೀರು ಇಡ್ರಿ ಕಾಕಾ, ಬಾಯಿ ತೊಳಕೊಂಡು ಒಳಗ ಬರಲಿ!" ಎಂದು ಊರವರು ನಗುತ್ತಿದ್ದರು.

ಒಂದು ಮಳೆಗಾಲ ಅವರು ಹಳೆಯ ಇಳಕಲ್ ಸೀರೆಗಳನ್ನು ಕೂಡಿಸಿ ಹೊಲಿದು, ಬೇವಿನೆಣ್ಣೆ ಸವರಿ, ನನ್ನ ಎಮ್ಮೆಗೆ ಹೊದಿಸಿಬಿಟ್ಟರು! ಕೆಂಪು ಸೆರಗಿನ ಎಮ್ಮೆ ಓಣಿಯಲ್ಲಿ ನಡೆದರೆ ಕೇಳಬೇಕೇ?

"ಖಣದ ಕುಬಸಾನೂ ಹೊಲಿಸ್ರಿ ಕಾಕಾ!"

"ಅಳತಿ ತಗೊಳಾಕ ನೀನ ಬಾರಲೇ. ಒದ್ರ ಒದಿಸ್ಕೊ!"

ನನಗೆ ನಗು ಬರುತ್ತಿರಲಿಲ್ಲ. ಆ ಎಮ್ಮೆ ಬೇವೂರಿನ ನಮ್ಮವ್ವ ಬಳುವಳಿಯಾಗಿ ಕೊಟ್ಟದ್ದು. ಅವ್ವ ತೀರಿಹೋಗಿದ್ದಳು; ತವರಿನಿಂದ ನನಗೆ ಉಳಿದ ಜೀವ ಅದೊಂದೇ.

ನನ್ನ ನಾದಿನಿಯನ್ನು ನೋಡಲು ಬೀಗರು ಬರುವ ದಿನ ಮಾವನವರು ನಾಚಿಕೊಂಡು ಸೀರೆ ಬಿಚ್ಚಿಸಿ ಎಮ್ಮೆಯನ್ನು ಗುಡ್ಡದ ಕಡೆ ಮೇಯಲು ಅಟ್ಟಿದರು. ಆಮೇಲೆ ಸೀರೆ ಅಟ್ಟ ಸೇರಿತು. ಕೆಲವು ವಾರಗಳಲ್ಲಿ ಎಮ್ಮೆಗೆ ಜ್ವರ ಬಂತು, ಹಾಲು ನಿಂತಿತು. ಗೂಟದ ಸುತ್ತ ತಿರುಗಿ ತಿರುಗಿ ಗೋಡೆಗೆ ತಲೆ ಗುದ್ದತೊಡಗಿತು.

"ಗಾಳಿ ಸೋಕೈತಿ," ಎಂದು ಮಾವನವರು ನಿಂಬೆಹಣ್ಣು ನಿವಾಳಿಸಿದರು. ಸಣ್ಣಮಾವ ಸೈಕಲ್ ಹತ್ತಿ ಹೋಗಿ ದನದ ಡಾಕ್ಟರನ್ನು ಹಿಂದೆ ಕೂಡಿಸಿಕೊಂಡು ಬಂದರು. ಡಾಕ್ಟರು ಎಮ್ಮೆಯ ಕಿವಿಯ ರಕ್ತವನ್ನು ಗಾಜಿನ ಮೇಲೆ ಸವರಿಕೊಂಡು ದವಾಖಾನೆಗೆ ಹೋದರು. ಸಣ್ಣಮಾವನೂ ಬೆನ್ನು ಬಿಡಲಿಲ್ಲ. ತಿರುಗಿ ಬಂದಾಗ ಊರ ಹೊರಗಿನಿಂದಲೇ ಕೂಗು!

"ನೊಣಾ! ನೊಣಾನ! ರಕ್ತದಾಗ ಹುಳ ಈಸಾಡಾಕತ್ತಾವ, ಡಾಕ್ಟರ ದುರ್ಬೀನಿನಾಗ ನಾ ಕಣ್ಣಾರೆ ಕಂಡೇನಿ!"

ಹಿಂದೆ ಕೂತಿದ್ದ ಡಾಕ್ಟರು ಇಳಿದು, "ಕಾಕಾ ಹೇಳೋದು ಖರೇರಿ. ಕಾಡಿನ ಪ್ರಾಣಿ ಮೈಯಾಗೂ ಈ ಹುಳ ಇರ್ತಾವ. ಕಚ್ಚೋ ನೊಣ ತಂದು ದನಕ್ಕ ಹಚ್ಚತಾವ," ಎಂದು ಸೂಜಿ ಚುಚ್ಚಿದರು.

ಮೂರನೆಯ ದಿನ ಎಮ್ಮೆ ಮೇವಿಗೆ ಬಾಯಿ ಹಾಕಿತು. ಆಮೇಲೆ ನೋಡಬೇಕಿತ್ತು! ಊರ ಎಮ್ಮೆಗಳೆಲ್ಲ ಸೀರೆ ಉಟ್ಟವು. ಕೌದಿ ಹೊಲಿಯಲು ನಮಗೊಂದು ಹಳೆ ಸೀರೆ ಸಿಗದಾಯಿತು! ಮಾವನವರೇ ಅಟ್ಟ ಹತ್ತಿ ಎಮ್ಮೆಯ ಸೀರೆ ಹುಡುಕಿದರು.

ಎಮ್ಮೆ ಮತ್ತೆ ಹಾಲು ಕೊಟ್ಟ ದಿನ ಸಣ್ಣಮಾವ ತಂದ ಹಾಲಿನ ವಾಟಗಕ್ಕೆ ಮಾವನವರು ಕೈ ಚಾಚಿದರು. ಸಣ್ಣಮಾವ ಅವರನ್ನು ದಾಟಿ, ಎಲ್ಲರ ಊಟವಾದ ಮೇಲೆ ಉಣ್ಣುವ ನನ್ನ ಮುಂದೆ, ಅಡಿಗೆಮನೆಯ ಹೊಸ್ತಿಲಲ್ಲಿ ಅದನ್ನು ಇಟ್ಟರು.

"ಮೊದಲ ನೀ ಕುಡಿಯವ್ವಾ. ನಿಮ್ಮವ್ವ ಕಳಿಸ್ಯಾಳ."