ಐದು ಬಾವುಟಗಳಿಗೆ ಒಂದು ಕ್ಯಾಮರಾ

ಎಲ್ಲರೂ ಒಪ್ಪಿಕೊಂಡದ್ದನ್ನು ನಾನೂ ಒಪ್ಪಿಕೊಳ್ಳುವುದು ನನ್ನಿಂದ ಆಗದ ಕೆಲಸ. ಹೋಟೆಲಿನಲ್ಲಿ ಎಂಟು ಜನ ಮಸಾಲೆ ದೋಸೆ ಎಂದರೆ ನಾನು ಉಪ್ಪಿಟ್ಟು ಎನ್ನುತ್ತೇನೆ. ಆಮೇಲೆ ಎಂಟು ದೋಸೆಗಳನ್ನು ನೋಡುತ್ತಾ ತಣ್ಣಗಾದ ಉಪ್ಪಿಟ್ಟು ತಿನ್ನುತ್ತೇನೆಯೇ ಹೊರತು ಚೆನ್ನಾಗಿಲ್ಲ ಎಂದು ಬಾಯಿ ಬಿಡುವುದಿಲ್ಲ. ನನ್ನ ಗಂಡ ರಘು ಇದಕ್ಕೆ ಹಟ ಎನ್ನುತ್ತಾರೆ, ನಾನು ತತ್ವ ಎನ್ನುತ್ತೇನೆ. ಈ ತತ್ವದಿಂದ ಜೀವನದಲ್ಲಿ ಒಂದೇ ಒಂದು ಸಲ ಲಾಭವಾಗಿದೆ ಎಂಬುದು ನನ್ನ ವಾದ. ಅದನ್ನೂ ರಘು ಒಪ್ಪುವುದಿಲ್ಲ. ಕೇಳಿ, ನೀವೇ ತೀರ್ಮಾನ ಮಾಡಿ.

ಇದು ನಡೆದದ್ದು ಫೋನುಗಳಿಗಿನ್ನೂ ಒಂದೇ ಕ್ಯಾಮರಾ ಕಣ್ಣಿದ್ದ ಕಾಲದಲ್ಲಿ. ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ನಮ್ಮ ಮನೆ. ಮಗಳು ಅನನ್ಯಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಬೇರೆಯವರ ಮಕ್ಕಳು ಭರತನಾಟ್ಯವನ್ನೋ ಕ್ರಿಕೆಟ್ಟನ್ನೋ ಹಿಡಿದರೆ ನಮ್ಮವಳು ಕಲರ್‌ಗಾರ್ಡ್ ಹಿಡಿದಿದ್ದಳು. ಹಾಗೆಂದರೆ ಸಂಗೀತಕ್ಕೆ ಕುಣಿಯುತ್ತಾ ದೊಡ್ಡ ಬಾವುಟಗಳನ್ನು ಬೀಸುವುದು, ತಿರುಗಿಸುವುದು, ಮೇಲಕ್ಕೆ ಎಸೆದು ಹಿಡಿಯುವುದು. ಮೈಸೂರಿನಲ್ಲಿರುವ ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವಳು, "ಬಾವುಟ ಬೀಸೋದು ಅಂದ್ರೆ ರೈಲ್ವೆ ಗಾರ್ಡ್ ಕೆಲಸವೇನೇ? ಪರವಾಗಿಲ್ಲ ಬಿಡು, ಪೆನ್ಷನ್ ಬರತ್ತೆ" ಎಂದಳು.

ಆಸ್ಟ್ರೇಲಿಯಾದಲ್ಲಿ ಈ ಆಟ ಆಡುವವರು ತೀರಾ ಕಡಿಮೆ. ನಮ್ಮ ಕ್ಲಬ್ಬಿಗೆ ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರು ಊರಿನಲ್ಲೂ ಒಂದೊಂದು ಪುಟ್ಟ ತಂಡವಿತ್ತು. ಪರ್ತ್‌ನಲ್ಲಿ ಐದು ಹುಡುಗಿಯರು, ಕಲಿಸುವುದಕ್ಕೆ ಜೆನ್ನಿ ಎಂಬ ಅರವತ್ತು ದಾಟಿದ ಹೆಂಗಸು. ಆ ವರ್ಷ ಅಮೆರಿಕದವರೊಂದು ಸ್ಪರ್ಧೆ ಮಾಡಿದರು. ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ತಮ್ಮ ತಮ್ಮ ಊರಿನಲ್ಲೇ ಕುಣಿದು ವಿಡಿಯೋ ಕಳಿಸಿದರೆ ಅಲ್ಲಿಯ ತೀರ್ಪುಗಾರರು ನೋಡಿ ಅಂಕ ಕೊಡುತ್ತಾರೆ. ನಿಯಮ ಎರಡೇ: ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ತೆಗೆದಿರಬೇಕು, ಇಡೀ ಅಂಕಣ ಕಾಣಬೇಕು. "ಈ ಸಲವೂ ಎಲ್ಲೂ ಭಾಗವಹಿಸದಿದ್ದರೆ ಪರ್ತ್ ತಂಡವನ್ನು ಮುಚ್ಚಿಬಿಡುತ್ತಾರೆ" ಎಂದು ಜೆನ್ನಿ ನನ್ನೊಬ್ಬಳಿಗೆ ಗುಟ್ಟಾಗಿ ಹೇಳಿದ್ದಳು. ಹುಡುಗಿಯರಿಗೆ ಹೇಳಿರಲಿಲ್ಲ.

ವಿಡಿಯೋ ಹೇಗೆ ತೆಗೆಯುವುದೆಂದು ತೀರ್ಮಾನಿಸಲು ಮೂರೂ ಊರಿನ ಪೋಷಕರು ಒಂದು ಭಾನುವಾರ ಕಂಪ್ಯೂಟರಿನಲ್ಲಿ ಸೇರಿದೆವು. ಬ್ರಿಸ್ಬೇನ್ ನಮಗಿಂತ ಎರಡು ಗಂಟೆ ಮುಂದೆ, ಅಡಿಲೇಡ್ ಒಂದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯ ಲೆಕ್ಕ ಈವರೆಗೆ ಯಾರಿಗೂ ಸರಿಯಾಗಿ ಬಂದಿಲ್ಲ. ಹಾಗಾಗಿ ಅಡಿಲೇಡಿನ ಮಾಡ್ಬರಿಯಿಂದ ಡಾಕ್ಟರ್ ಲತಾ ಬರುವ ಹೊತ್ತಿಗೆ ಬ್ರಿಸ್ಬೇನಿನ ಪ್ರಕಾಶ್ ಆಗಲೇ ಅರ್ಧ ಭಾಷಣ ಮುಗಿಸಿದ್ದರು. ಪ್ರಕಾಶ್ ಸಾಫ್ಟ್‌ವೇರ್ ಇಂಜಿನಿಯರು, ಸನ್ನಿಬ್ಯಾಂಕ್‌ನಲ್ಲಿ ಮನೆ. ತರಕಾರಿ ತರುವುದಕ್ಕೂ ಸ್ಪ್ರೆಡ್‌ಶೀಟ್ ಮಾಡುವ ಮನುಷ್ಯ.

"ಕ್ವಾಲಿಟಿ ವಿಷಯದಲ್ಲಿ ಕಾಂಪ್ರಮೈಸ್ ಮಾಡ್ಕೋಬಾರ್ದು ನೋಡಿ" ಎಂದರು ಪ್ರಕಾಶ್. "ಒಳ್ಳೇ ಕ್ಯಾಮರಾ, ಎರಡು ಲೆನ್ಸು, ಅಲ್ಲಾಡದ ಹಾಗೆ ಹಿಡಿಯೋ ಯಂತ್ರ, ಬೇರೆ ಮೈಕು. ಎಲ್ರೂ ಸೇರಿ ಒಂದೇ ಸೆಟ್ ತಗೊಳ್ಳೋಣ. ನಾವು ಮುಗಿಸಿ ಅಡಿಲೇಡಿಗೆ ಕೊರಿಯರ್ ಮಾಡ್ತೀವಿ, ಅವ್ರು ಪರ್ತ್‌ಗೆ ಮಾಡ್ತಾರೆ."

"ಪರ್ತ್‌ಗೆ ಯಾವಾಗ ಬರತ್ತೆ?" ಎಂದೆ.

"ಕೊನೇ ದಿನಕ್ಕೆ ಒಂದು ದಿನ ಮುಂಚೆ. ಟೆಕ್ನಿಕಲಿ ಟೈಮ್ ಇದೆ ಅಲ್ವಾ?"

ಈ ಊರಿಗೆ ಬಂದ ದಿನದಿಂದ ನೋಡುತ್ತಿದ್ದೇನೆ, ದೇಶದ ಆ ತುದಿಯಲ್ಲಿರುವವರಿಗೆ ಪರ್ತ್ ಎಂದರೆ ಕೊನೆಯ ಪಂಕ್ತಿ. ಪಾಯಸ ಮುಗಿದ ಮೇಲೆ ಎಲೆ ಹಾಕುತ್ತಾರೆ. "ನಿಮ್ಮ ಕ್ಯಾಮರಾ ನೀವೇ ಇಟ್ಕೊಳ್ಳಿ ಪ್ರಕಾಶ್. ನಮ್ಮ ವಿಡಿಯೋ ನಾವೇ ನೋಡ್ಕೋತೀವಿ" ಎಂದುಬಿಟ್ಟೆ.

"ನಿಮ್ಮಿಂದಾಗಲ್ಲ ವಸುಧಾ ಅವ್ರೇ" ಎಂದು ಅವರು ನಕ್ಕರು. "ಇದು ಎಕ್ಸ್‌ರೇ ಅಲ್ಲ."

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಇಪ್ಪತ್ತು ವರ್ಷದಿಂದ ಜನರಿಗೆ ಅಲ್ಲಾಡಬೇಡಿ, ಉಸಿರು ಹಿಡಿದುಕೊಳ್ಳಿ ಎಂದು ಹೇಳಿ ಸಂಬಳ ಪಡೆಯುತ್ತಿದ್ದೇನೆ. ಅಲ್ಲಾಡುವುದನ್ನೇ ಕಸುಬು ಮಾಡಿಕೊಂಡ ಐದು ಹುಡುಗಿಯರನ್ನು ಚಿತ್ರಿಸಲು ನನಗಿಂತ ಅಯೋಗ್ಯಳು ಇಡೀ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಿಗಲಾರಳು ಎಂದು ನನಗೂ ಗೊತ್ತಿತ್ತು. ಆದರೆ ಪ್ರಕಾಶ್ ನಕ್ಕಾಗಿತ್ತು. ಲತಾ ಮಾತ್ರ, "ಹೋಗ್ಲಿ ಬಿಡಿ ಪ್ರಕಾಶ್, ಅವ್ರು ಟ್ರೈ ಮಾಡ್ಲಿ" ಎಂದು ಡಾಕ್ಟರುಗಳು ಕೈಬಿಟ್ಟ ರೋಗಿಯ ಬಗ್ಗೆ ಹೇಳುವ ದನಿಯಲ್ಲಿ ಹೇಳಿದರು.

ಮೊದಲು ನನ್ನ ಫೋನಿನಲ್ಲೇ ನೋಡಿದೆ. ಹುಡುಗಿಯರು ಅಭ್ಯಾಸ ಮಾಡುವ ನೆಟ್‌ಬಾಲ್ ಅಂಕಣದ ಅಂಚಿನಲ್ಲಿ ನಿಂತರೆ ಐದರಲ್ಲಿ ಮೂರು ಹುಡುಗಿಯರು ಮಾತ್ರ ಕಾಣುತ್ತಿದ್ದರು. ಹಿಂದೆ ಹಿಂದೆ ಸರಿದೆ. ಬೇಲಿ ದಾಟಿ ಕಾರು ನಿಲ್ಲಿಸುವ ಜಾಗಕ್ಕೆ ಹೋದಾಗ ಐವರೂ ಬಂದರು, ಆದರೆ ಬೇಲಿಯ ಹಿಂದೆ ಕೈದಿಗಳ ಹಾಗೆ. ಅಷ್ಟಾದರೂ ತೆಗೆಯೋಣವೆಂದರೆ ಎರಡು ನಿಮಿಷಕ್ಕೇ ಜಾಗ ಭರ್ತಿ ಎಂದು ಫೋನು ನಿಂತುಹೋಯಿತು. ಸಂಬಂಧಿಕರು ಕಳಿಸಿದ ಶುಭೋದಯದ ಗುಲಾಬಿಗಳು ಒಳಗೆಲ್ಲ ತುಂಬಿಕೊಂಡಿದ್ದವು.

ಮರುದಿನ ಜೆನ್ನಿ ತನ್ನ ಯೂಟಿನಲ್ಲಿ, ಅಂದರೆ ಹಿಂಭಾಗ ತೆರೆದಿರುವ ಇಲ್ಲಿಯ ಸಣ್ಣ ಲಾರಿಯಂಥ ಗಾಡಿಯಲ್ಲಿ, ನನ್ನನ್ನು ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗೆ ಕರೆದೊಯ್ದಳು. ಅಂಗಡಿಯವನು ದೊಡ್ಡ ಕ್ಯಾಮರಾವೊಂದನ್ನು ಎತ್ತಿ ಹಿಡಿದು, ಇದರಲ್ಲಿ ದೂರದ ಮರದ ಮೇಲಿನ ಹಕ್ಕಿಯ ಕಣ್ಣೂ ಕಾಣುತ್ತದೆ ಎಂದ. ನಮಗೆ ಹಕ್ಕಿಯ ಕಣ್ಣು ಬೇಡ, ಹತ್ತಿರದಲ್ಲಿರುವ ಐದು ಹುಡುಗಿಯರು ಒಟ್ಟಿಗೆ ಬೇಕು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗ ಜೆನ್ನಿ ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ತೆಗೆದುಕೊಂಡು ವಾಷಿಂಗ್ ಮಷೀನುಗಳ ನಡುವೆ ತಿರುಗಿಸುತ್ತಾ ನಡೆಯತೊಡಗಿದಳು. ನಾನು ಒಂದೊಂದೇ ಕ್ಯಾಮರಾವನ್ನು ಮೇಜಿನ ಮೇಲಿಟ್ಟು, ಅವಳು ಎಲ್ಲಿಂದ ಎಲ್ಲಿಯವರೆಗೆ ಕಾಣುತ್ತಾಳೆಂದು ಹೆಜ್ಜೆ ಎಣಿಸಿದೆ. ದೊಡ್ಡದರಲ್ಲಿ ನಾಲ್ಕು ಹೆಜ್ಜೆ, ಎರಡನೆಯದರಲ್ಲಿ ಐದು. ಧೂಳು ಹಿಡಿದ ಮೂರನೆಯದೊಂದು, ಅಂಗೈಯಗಲದ ಹ್ಯಾಂಡಿಕ್ಯಾಮ್, ಒಂಬತ್ತು ಹೆಜ್ಜೆ ತೋರಿಸಿತು. ಯಾರೋ ತಮ್ಮ ಮಗುವಿನ ಹುಟ್ಟುಹಬ್ಬ ತೆಗೆದು ಮಾರಿದ್ದಿರಬೇಕು, ಕೈಗೆ ಹಾಕಿಕೊಳ್ಳುವ ಪಟ್ಟಿಯಲ್ಲಿ ಕೇಕಿನ ಕಲೆಯಿತ್ತು. ಅದನ್ನೇ ಆರಿಸಿದೆ. ಉಳಿದ ದುಡ್ಡಿಗೆಲ್ಲ ಒಂದು ಗಟ್ಟಿಯಾದ ಮೂರು ಕಾಲಿನ ಸ್ಟ್ಯಾಂಡ್ ತೆಗೆದುಕೊಂಡೆ. ಕ್ಯಾಮರಾಕ್ಕಿಂತ ಅದರ ಕಾಲಿಗೆ ಹೆಚ್ಚು ಬೆಲೆ ಕೊಟ್ಟವಳನ್ನು ತಾನು ನೋಡಿಯೇ ಇರಲಿಲ್ಲ ಎಂದ ಅಂಗಡಿಯವನು. ಅಲ್ಲಾಡಿದ ಚಿತ್ರ ಚಿತ್ರವಲ್ಲ ಎಂಬುದಷ್ಟು ನನ್ನ ಉದ್ಯೋಗ ನನಗೆ ಕಲಿಸಿತ್ತು.

ಶನಿವಾರ ಬೆಳಿಗ್ಗೆ ಬೇಗ ಸೇರಿದೆವು. ಮಧ್ಯಾಹ್ನವಾದರೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಬಾವುಟಗಳು ಹುಡುಗಿಯರನ್ನೇ ಬೀಸತೊಡಗುತ್ತವೆ. ತೀರ್ಪುಗಾರರಿಗೆ ಸಾಲುಗಳು ಕಾಣಬೇಕಾದರೆ ಕ್ಯಾಮರಾ ಎತ್ತರದಲ್ಲಿರಬೇಕಲ್ಲ, ಜೆನ್ನಿಯ ಯೂಟನ್ನು ಅಂಕಣದ ಪಕ್ಕಕ್ಕೆ ತಂದು, ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಿ, ನನ್ನ ಹಳೆಯ ಕಾಟನ್ ಸೀರೆಯಿಂದ ಕಟ್ಟಿದೆವು. ಹಿಡಿದುಕೊಳ್ಳಲೆಂದು ರಘು ಹತ್ತಿದರು. ಅವರು ಉಸಿರಾಡಿದರೆ ಗಾಡಿ ಅಲ್ಲಾಡುತ್ತಿತ್ತು. "ಇಳೀರಿ ಕೆಳಗೆ" ಎಂದೆ. "ನಿನ್ನ ಉಸಿರೇನು ಹಗುರವಾ?" ಎನ್ನುತ್ತಾ ಇಳಿದರು.

ಮೊದಲ ಸಲ ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಹುಡುಗಿಯರು ಎಸೆದ ಬಾವುಟಗಳು ಚಿತ್ರದ ಮೇಲಂಚನ್ನು ದಾಟಿ ಮಾಯವಾಗಿ, ಐವರೂ ಯಾವುದೋ ವಿಮಾನಕ್ಕೆ ಕಾಯುವವರಂತೆ ಆಕಾಶ ನೋಡುತ್ತಾ ನಿಂತಿದ್ದರು. "ಮಮ್, ವೇರ್ ಈಸ್ ದ ಫ್ಲ್ಯಾಗ್?" ಎಂದಳು ಅನನ್ಯಾ. ಎಕ್ಸ್‌ರೇಯ ಅಭ್ಯಾಸದಿಂದ ನಾನು ಎಲುಬಿನಷ್ಟಕ್ಕೇ ಜಾಗ ಬಿಟ್ಟಿದ್ದೆ, ಆಕಾಶಕ್ಕೆ ಬಿಟ್ಟಿರಲಿಲ್ಲ. ಎರಡನೆಯ ಸಲ ಆಕಾಶ ಬಿಟ್ಟೆ. ಯಾರದೋ ನಾಯಿ ಬೇಲಿಯ ಕೆಳಗಿನಿಂದ ನುಸುಳಿ ಬಂದು ಅಂಕಣದ ನಡುವೆ ಕೂತಿತು. ಅಷ್ಟರಲ್ಲಿ ಮರದ ತುದಿಗಳು ಅಲ್ಲಾಡತೊಡಗಿದ್ದವು. "ಇನ್ನೊಂದೇ ಸಲ" ಎಂದು ಜೆನ್ನಿ ಬೆರಳೆತ್ತಿದಳು. ಆಮೇಲೆ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು, ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟಳು. ನಗುತ್ತಿದ್ದ ಐದು ಮುಖಗಳು ಗಂಭೀರವಾದವು. ಅನನ್ಯಾ ನನ್ನ ಕಡೆ ನೋಡಿದಳು. ನಿನಗೆ ಗೊತ್ತಿತ್ತಾ ಎಂಬ ನೋಟ. ನಾನು ಕ್ಯಾಮರಾ ಸರಿಪಡಿಸುವವಳಂತೆ ಬಗ್ಗಿದೆ.

ಮೂರನೆಯ ಸಲ ಆ ಐವರು ಕುಣಿದದ್ದನ್ನು ನಾನು ಮರೆಯಲಾರೆ. ಕೊನೆಯ ದೊಡ್ಡ ಎಸೆತದಲ್ಲಿ ಐದು ಕೆಂಪು ಬಾವುಟಗಳು ಒಟ್ಟಿಗೆ ಮೇಲೆದ್ದವು. ಅಷ್ಟರಲ್ಲಿ ಗಾಳಿ ಬೀಸಿತು. ನಾಲ್ಕು ನೇರವಾಗಿ ಇಳಿದವು, ಅನನ್ಯಾಳದು ಪಕ್ಕಕ್ಕೆ ಜಾರಿತು. ಅವಳು ಎರಡು ಹೆಜ್ಜೆ ಹಾರಿ, ಮೊಣಕಾಲೂರಿ, ನೆಲಕ್ಕೆ ಒಂದು ಗೇಣಿರುವಾಗ ಹಿಡಿದಳು. ಹಾಗೆಯೇ ಎದ್ದು ಸಾಲಿಗೆ ಸೇರಿಕೊಂಡಳು. ಸಂಗೀತ ನಿಂತಿತು. ಜೆನ್ನಿ ಅಳುತ್ತಿದ್ದಳು. ರಘು ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡರು. ಆ ಹತ್ತು ಸೆಕೆಂಡಿನಲ್ಲಿ ನಾನೇನು ಮಾಡಿದೆ ಎಂದು ನನಗೆ ನೆನಪಿರಲಿಲ್ಲ. ಆ ಮಧ್ಯಾಹ್ನವೇ, ಪೂರ್ತಿ ನೋಡುವ ಧೈರ್ಯವಿಲ್ಲದೆ, ವಿಡಿಯೋ ಕಳಿಸಿಬಿಟ್ಟೆವು.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಬ್ರಿಸ್ಬೇನ್ ತಂಡಕ್ಕೆ ನಮಗಿಂತ ಹೆಚ್ಚು ಅಂಕ. ಅದು ಕ್ಯಾಮರಾದ ದೆಸೆಯಿಂದಲ್ಲ, ಅವರ ಹುಡುಗಿಯರು ನಿಜಕ್ಕೂ ಚೆನ್ನಾಗಿ ಕುಣಿದಿದ್ದರು. ಇದನ್ನು ಪ್ರಕಾಶ್ ಎದುರು ನಾನು ಯಾವತ್ತೂ ಒಪ್ಪಿಕೊಂಡಿಲ್ಲ. ನಮ್ಮ ತಂಡ ಅವರ ಹಿಂದೆಯೇ ಇತ್ತು, ಕ್ಲಬ್ಬಿನವರು ಮುಚ್ಚುವ ಮಾತನ್ನು ಕೈಬಿಟ್ಟರು. ತೀರ್ಪುಗಾರ್ತಿಯೊಬ್ಬಳು ತನ್ನ ಅಭಿಪ್ರಾಯವನ್ನು ದನಿಯಲ್ಲಿ ದಾಖಲಿಸಿ ಕಳಿಸಿದ್ದಳು. ಮೂರೂ ಊರಿನವರು ಕಂಪ್ಯೂಟರಿನಲ್ಲಿ ಸೇರಿ ವಿಡಿಯೋದ ಜೊತೆಗೇ ಅದನ್ನು ಕೇಳಿದೆವು. ಇಡೀ ಅಂಕಣ ಕಾಣುತ್ತಿದೆ, ಚಿತ್ರ ಒಂದಿಷ್ಟೂ ಅಲ್ಲಾಡಿಲ್ಲ ಎಂದಳು ಪುಣ್ಯಾತ್ಗಿತ್ತಿ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಬಾವುಟಗಳು ಮೇಲೇರಿದವು. ಆಗ ಸಂಗೀತವನ್ನೆಲ್ಲ ನುಂಗಿ ಒಂದು ಭಯಂಕರ ಕಂಠ ಮೊಳಗಿತು: "ಹಿಡ್ಕೊಳ್ಳೇ! ಹಿಡ್ಕೋ! ಬಿಟ್ಯೋ, ಮನೆಗೆ ಬರ್ಬೇಡ!"

ಕ್ಯಾಮರಾದ ಪಕ್ಕದಲ್ಲೇ ನಿಂತಿದ್ದ ನನ್ನದೇ ಕಂಠ. ಈ ಭಾಷೆ ತನಗೆ ತಿಳಿಯದು, ಆದರೆ ತಾನಾಗಿದ್ದರೂ ಹಿಡಿಯುತ್ತಿದ್ದೆ ಎಂದು ತೀರ್ಪುಗಾರ್ತಿ ಹೇಳಿ ಮುಂದೆ ಹೋದಳು. ಲತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. "ಮಮ್, ಐ ಕ್ಯಾನ್ ನೆವರ್ ಗೋ ಟು ಅಮೆರಿಕ ನೌ" ಎಂದಳು ಅನನ್ಯಾ.

ನಾನು ಕ್ಷಮೆ ಕೇಳಲಿಲ್ಲ. ಬಾವುಟ ಬಿದ್ದಿದ್ದರೆ ಕೇಳುತ್ತಿದ್ದೆ.

ಪ್ರಕಾಶ್ ಮಾತ್ರ ನಗಲಿಲ್ಲ. ತಮ್ಮ ಸ್ಪ್ರೆಡ್‌ಶೀಟ್ ತೆರೆದುಕೊಂಡು ತುಂಬಾ ಗಂಭೀರವಾಗಿ ಕೇಳಿದರು: "ವಸುಧಾ ಅವ್ರೇ, ಆಡಿಯೋ ಇಷ್ಟು ಪವರ್‌ಫುಲ್ಲಾಗಿ ಬಂದಿದೆಯಲ್ಲ, ಯಾವ ಮೈಕು ಅದು?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ರಘು ಹೇಳಿದರು: "ಬಿಲ್ಟ್-ಇನ್ನು ಕಣ್ರೀ. ಇಪ್ಪತ್ತು ವರ್ಷದಿಂದ ಆಫ್ ಮಾಡೋ ಬಟನ್ ಹುಡುಕ್ತಾ ಇದ್ದೀನಿ."