‘ಛಲೋ ಕಾಣ್ತೈತಿ’ ಅಂದ ತಪ್ಪಿಗೆ

ಸುಳ್ಳು ಹೇಳುವುದರಲ್ಲಿ ನಾನು ಅಂಥ ಹುಷಾರಿ ಮನುಷ್ಯನಲ್ಲ. ಆದರೆ ಕದ್ದು ಮಾಡಿದ್ದು ಬಯಲಾಗುವ ಹೊತ್ತು ಬಂತೆಂದರೆ ನಾಲಿಗೆ ನನ್ನನ್ನು ಕೇಳದೆಯೇ ಓಡಿಬಿಡುತ್ತದೆ. ಕಂಪ್ಯೂಟರ್ ಆಟದ ಹುಚ್ಚು ನನಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಯಲಬುರ್ಗಾದ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನು, ಹೆಂಡತಿ ಕಲಿಸುವ ಶಾಲೆಗೆ ಹೋಗಿ, ಈ ಆಟಗಳು ಎಷ್ಟು ಕೆಟ್ಟವು ಎಂದು ಮಕ್ಕಳಿಗೆ ಅರ್ಧ ತಾಸು ಭಾಷಣ ಬಿಗಿದು, ಶಾಲು ಹೊದಿಸಿಕೊಂಡು ಬಂದವನು. ಹಾಗಾಗಿ ಅವಳ ಲ್ಯಾಪ್‌ಟಾಪಿನಲ್ಲಿ ಕಾರು ಓಡಿಸುವುದನ್ನು ಅವಳು ಮನೆಯಲ್ಲಿಲ್ಲದಾಗಲೇ ಇಟ್ಟುಕೊಂಡಿದ್ದೆ.

ಮೊನ್ನೆ ರವಿವಾರ ಅವಳು ತಂಗಿಯ ಮನೆಗೆ ಹೋಗಿದ್ದಳು. ಕಾರು ಗುಡ್ಡ ಏರುತ್ತಿರುವಾಗ ಆಟ ಗಕ್ಕನೆ ನಿಂತು, ತಾನೇ ಮುಚ್ಚಿಕೊಂಡಿತು. ಆಟವೇನೋ ಹೋಯಿತು, ಆಡುವಾಗ ಅದು ತಾನಾಗಿ ಏರಿಸಿಕೊಂಡಿದ್ದ ಪರದೆಯ ಬೆಳಕು ಹೋಗಲಿಲ್ಲ. ಪರದೆ ಸುಣ್ಣ ಬಳಿದಂತೆ ಬೆಳ್ಳಗೆ. ಬೆಳಕು ಇಳಿಸುವ ಗುಂಡಿ ಒತ್ತಿದರೆ ಸುಣ್ಣ ಮಾಸಿತೇ ಹೊರತು ಅಕ್ಷರ ಏಳಲಿಲ್ಲ. ಅಷ್ಟರಲ್ಲಿ ಅವಳು ಬಂದು, ಮಕ್ಕಳ ಅಂಕಪಟ್ಟಿ ತೆರೆದು ಕೂತಳು.

“ಯಾಕ್ರಿ, ಅಕ್ಷರನ ಕಾಣವಲ್ದು. ನಿಮಗ ಕಾಣ್ತೈತೇನು?”

ಬಗ್ಗಿ ನೋಡಿದೆ. “ಛಲೋ ಕಾಣ್ತೈತಲ್ಲ” ಅಂದೆ.

ಅವಳ ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದ್ದವು, ಹೋದ ವರ್ಷ ಇವಳಿಗೂ ಸಕ್ಕರೆ ಬಂದಿದೆ. ಆ ಗಳಿಗೆಗೆ ನನಗೆ ಅದು ನೆನಪಾಗಲಿಲ್ಲ, ನೆನಪಾದದ್ದು ನನ್ನ ಶಾಲು. ಅವಳು ತಣ್ಣೀರಿಂದ ಕಣ್ಣು ತೊಳೆದು ಬಂದಳು. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದಳು, ಮತ್ತೆ ಪರದೆ ನೋಡಿದಳು. ಆಮೇಲೆ ಮುಖ್ಯ ಗುರುಗಳಿಗೆ ಫೋನ್ ಹಚ್ಚಿ, ಕೊಪ್ಪಳದ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕೆಂದು ಮರುದಿನಕ್ಕೆ ರಜೆ ಕೇಳಿದಳು. ಫೋನ್ ಇಟ್ಟವಳೇ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಮತ್ತೆ ಕ್ಯಾಲೆಂಡರು ಓದತೊಡಗಿದಳು. ನನಗೆ ನನ್ನ ಮೇಲೇ ಹೇಸಿಕೆ ಬಂತು.

ಹಿತ್ತಲಿಗೆ ಹೋಗಿ, ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೊಟ್ಟೆತುಂಬ ನಕ್ಕು, ಆಟವನ್ನು ಮತ್ತೆ ತೆರೆದು ಅದರೊಳಗಿನ ಗುಂಡಿ ಒತ್ತಿಯೇ ಹೊರಬರಬೇಕು, ಏರಿಸಿದ ಬೆಳಕನ್ನು ಅದೇ ಇಳಿಸಿ ಹೋಗುತ್ತದೆ ಎಂದ. ಗುಟ್ಟಾಗಿಯೂ ಮಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ಅವಳು ತನ್ನ ಕಣ್ಣೇ ಕೆಟ್ಟಿತ್ತೆಂದು ನಂಬಿಕೊಂಡೇ ಇರುತ್ತಿದ್ದಳು. ನನ್ನ ಶಾಲಿಗೆ ಅಷ್ಟು ಬೆಲೆ ಇಲ್ಲ.

ಅವಳ ಪಕ್ಕದಲ್ಲೇ ಕೂತು, ಎಲ್ಲಾ ಹೇಳಿ, ಆಟ ಹಚ್ಚಿದೆ. ಕಾರು ಬಂತು, ಹಾಡು ಬಂತು, ಗೆದ್ದವರ ಪಟ್ಟಿಯಲ್ಲಿ ಮೊದಲಿಗೇ ನನ್ನ ಹೆಸರೂ ಬಂತು. ಹೊರಬಂದೊಡನೆ ಅಂಕಪಟ್ಟಿಯ ಅಕ್ಷರಗಳೆಲ್ಲ ಕಪ್ಪಗೆ ಎದ್ದು ನಿಂತವು. ಬೈಯುತ್ತಾಳೆಂದು ಕಾದೆ. ಅವಳು ಅಂಕಪಟ್ಟಿಯನ್ನು ಮೇಲಿಂದ ಕೆಳಗಿನತನಕ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾಳೆ ಕೊಪ್ಪಳಕ್ಕ ಹೋಗೂದ ಸೈ. ಅಷ್ಟು ಬೆಳ್ಳಗಾದದ್ದು ನಿಮಗ ಛಲೋ ಕಂಡೈತಿ. ನಿಮ್ಮ ಕಣ್ಣು ತೋರಸೂಣು.”

ಹೋದೆವು. ಡಾಕ್ಟರು ಗೋಡೆಯ ಮೇಲಿನ ಪಟ್ಟಿ ಓದಲು ಹೇಳಿದರು. ಕೆಳಗಿನ ಎರಡು ಸಾಲು ನನಗೆ ನಿಜವಾಗಿಯೂ ಕಾಣಲಿಲ್ಲ. ಛಲೋ ಕಾಣ್ತೈತಿ ಎನ್ನಲು ಬಾಯಿ ತೆರೆದಿದ್ದೆ. ಪಕ್ಕದ ಕುರ್ಚಿಯಲ್ಲಿ ಅವಳು ಕೂತಿದ್ದಳು.

“ಕಾಣವಲ್ದರಿ” ಅಂದೆ.